ನ್ಯೂಟ್ರಾನ್ ಹಾಯಿಸಿ ಆಕ್ಸೈಡಿನ ಕಾಂತೀಯ ಜೋಡಣೆ ಓದುವುದು ಹೇಗೆ?

ಜೋಯ್ಡಾ, ಯಲ್ಲಾಪುರದ ಕಾಡುಗಳಲ್ಲಿ ಮ್ಯಾಂಗನೀಸ್ ಅದಿರು ಅಗೆಯುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅದೇ ಲೋಹದ ಮಾನಾಕ್ಸೈಡ್ ಪುಡಿಯ ಮೇಲೆ 1949ರಲ್ಲಿ ಅಮೆರಿಕದ ಓಕ್ ರಿಜ್‌ನಲ್ಲಿ ಶಲ್ ಮತ್ತು ಸ್ಮಾರ್ಟ್ ಎಂಬ ವಿಜ್ಞಾನಿಗಳು ನ್ಯೂಟ್ರಾನ್ ಹಾಯಿಸಿದರು. ತಣ್ಣಗಾದ ಹರಳಿನಲ್ಲಿ ಪರಮಾಣುಗಳ ಕಾಂತೀಯತೆ ಪದರದಿಂದ ಪದರಕ್ಕೆ ದಿಕ್ಕು ತಿರುಗಿಸುವುದಕ್ಕೆ ಆಗ ನೇರ ಪುರಾವೆ ಸಿಕ್ಕಿತು. ಕಾರವಾರ, ಶಿರಸಿಯಲ್ಲಿ ಎಂಎಸ್ಸಿ ಓದುವವರೂ ಇದನ್ನು ಮಾಡಿ ನೋಡಬೇಕು ಎಂಬುದು ನನ್ನ ಆಸೆ.

ಕೈಗಾ ಪಕ್ಕದಲ್ಲೇ ಇದ್ದರೂ ಅಲ್ಲಿನ ನ್ಯೂಟ್ರಾನ್ ವಿದ್ಯುತ್ತಿಗೆ ಮೀಸಲು. ಪ್ರಯೋಗಕ್ಕೆ ಕಿರಣ ಸಿಗುವುದು ಟ್ರಾಂಬೆಯ ಧ್ರುವ ರಿಯಾಕ್ಟರ್‌ನಲ್ಲಿ. ವಿಶ್ವವಿದ್ಯಾಲಯದವರು ಯುಜಿಸಿ-ಡಿಎಇ (ವಿಶ್ವವಿದ್ಯಾಲಯ ಅನುದಾನ ಆಯೋಗ ಮತ್ತು ಅಣುಶಕ್ತಿ ಇಲಾಖೆಗಳ) ಸಂಶೋಧನಾ ಸಂಸ್ಥೆಯ ಮುಂಬೈ ಕೇಂದ್ರದ ಮೂಲಕ ಅರ್ಜಿ ಹಾಕಬಹುದು.

ಆದರೆ ಅರ್ಧ ಕೆಲಸ ಊರಲ್ಲೇ ಆಗಬೇಕು. ಎಕ್ಸ್‌ರೇಗೆ ಚಿಟಿಕೆ ಪುಡಿ ಸಾಕು; ನ್ಯೂಟ್ರಾನ್‌ಗೆ ಕೆಲವು ಗ್ರಾಂ ಬೇಕು. ಮೊದಲು ಎಕ್ಸ್‌ರೇ ತೆಗೆದು ಬೇರೆ ಆಕ್ಸೈಡ್ ಬೆರೆತಿಲ್ಲವೆಂದು ಖಚಿತಪಡಿಸಿಕೊಳ್ಳಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇನ್ನೊಂದು ತೊಂದರೆ ಇದೆ: ತೇವ. ನೀರಿನ ಹೈಡ್ರೋಜನ್ ನ್ಯೂಟ್ರಾನ್‌ಗಳನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ, ಯಾವ ಕೋನಕ್ಕೆ ಎಷ್ಟು ನ್ಯೂಟ್ರಾನ್ ಬಂತೆಂಬ ನಕ್ಷೆಯಲ್ಲಿ ಹಿನ್ನೆಲೆ ಏರಿ, ಕೆಲವೇ ಕೋನಗಳಲ್ಲಿ ಏಳುವ ಸಣ್ಣ ಶಿಖರಗಳು ಅದರಲ್ಲೇ ಮುಳುಗಿಹೋಗುತ್ತವೆ. ಪುಡಿಯನ್ನು ನಿರ್ವಾತದಲ್ಲಿ ಒಣಗಿಸಿ, ಗಾಳಿಯಾಡದಂತೆ ಮುಚ್ಚಿಡಿ. ತೆರೆದ ಗಾಳಿಯಲ್ಲಿ ಕಾಯಿಸಲೇಬೇಡಿ. ಮಾನಾಕ್ಸೈಡ್ ಆಮ್ಲಜನಕ ಹೀರಿ ಬೇರೆ ಆಕ್ಸೈಡ್ ಆಗಿಬಿಡುತ್ತದೆ.

ಟ್ರಾಂಬೆಯಲ್ಲಿ ಪುಡಿಯನ್ನು ವನೇಡಿಯಂ ಡಬ್ಬಿಗೆ ತುಂಬುತ್ತಾರೆ, ಏಕೆಂದರೆ ಆ ಲೋಹ ತನ್ನ ಶಿಖರಗಳನ್ನು ಹೆಚ್ಚುಕಡಿಮೆ ತೋರಿಸುವುದೇ ಇಲ್ಲ. ಮುಂದಿನದೇ ಪ್ರಯೋಗದ ಜೀವಾಳ: ಒಮ್ಮೆ ಕೋಣೆಯ ಉಷ್ಣತೆಯಲ್ಲಿ, ಇನ್ನೊಮ್ಮೆ ಈ ಕಾಂತೀಯ ಜೋಡಣೆ ಶುರುವಾಗುವ 118 ಕೆಲ್ವಿನ್‌ಗಿಂತ ಸಾಕಷ್ಟು ಕೆಳಗೆ, ಹೀಗೆ ಎರಡು ಸಲ ಅಳೆಯಿರಿ. ಎರಡು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ತಂಪಿನ ನಕ್ಷೆಯಲ್ಲಿ ಹೊಸ ಶಿಖರಗಳು ಎದ್ದಿರುತ್ತವೆ. 1.5 ಆಂಗ್‌ಸ್ಟ್ರಾಂ ತರಂಗಾಂತರವಾದರೆ ಮೊದಲನೆಯದು ಸುಮಾರು 17 ಡಿಗ್ರಿ ಚದುರಿಕೆಯ ಕೋನದಲ್ಲಿ.

ಅದು ಬರುವುದೇಕೆ? ತೋಟದ ಸಾಲಿನಲ್ಲಿ ಒಂದು ಬಿಟ್ಟು ಒಂದು ಅಡಿಕೆ ಮರಕ್ಕೆ ಕಾಳುಮೆಣಸು ಹಬ್ಬಿಸಿದರೆ, ಬಳ್ಳಿಯಿಂದ ಬಳ್ಳಿಗೆ ಅಂತರ ಮರಗಳ ಅಂತರದ ಎರಡರಷ್ಟು. ಎಕ್ಸ್‌ರೇಗೆ ಕಾಣುವುದು ಮರ ಮಾತ್ರ. ತಾನೇ ಪುಟ್ಟ ಅಯಸ್ಕಾಂತವಾಗಿರುವ ನ್ಯೂಟ್ರಾನ್‌ಗೆ ಬಳ್ಳಿಯೂ ಕಾಣುತ್ತದೆ. ಹಾಗಾಗಿ ಕಾಂತೀಯ ಕೋಶದ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಘಟಕದ) ಅಂಚು ರಾಸಾಯನಿಕ ಕೋಶದ್ದಕ್ಕಿಂತ ದುಪ್ಪಟ್ಟು. ಕೋನ ಹೆಚ್ಚಿದಂತೆ ಕಾಂತೀಯ ಶಿಖರಗಳು ಬೇಗ ಕುಗ್ಗುವುದರಿಂದ ಚಿಕ್ಕ ಕೋನಗಳ ಕಡೆಗೇ ಕಣ್ಣಿಡಿ.

ಆಮೇಲೆ ಫುಲ್‌ಪ್ರೊಫ್‌ನಂಥ ತಂತ್ರಾಂಶದಲ್ಲಿ ರೀಟ್‌ವೆಲ್ಡ್ ವಿಧಾನ ಬಳಸಿ, ಅಂದರೆ ಮಾದರಿಯಿಂದ ಲೆಕ್ಕಹಾಕಿದ ನಕ್ಷೆಯನ್ನು ಅಳೆದ ಇಡೀ ನಕ್ಷೆಗೆ ಹೊಂದಿಸಿ. ಮೊದಲು ಬಿಸಿಯ ನಕ್ಷೆಗೆ ಬರೀ ಹರಳಿನ ರಚನೆ ಹೊಂದಿಸಿ, ಆಮೇಲಷ್ಟೇ ತಂಪಿನದಕ್ಕೆ ಕಾಂತೀಯ ಮಾದರಿ ಸೇರಿಸಿ. ಲೆಕ್ಕ ಚೆನ್ನಾಗಿ ಕೂತಿತೆಂದು ಎಲ್ಲವನ್ನೂ ನಂಬಬೇಡಿ. ಕಾಂತೀಯತೆ ಪದರದೊಳಗೇ ಮಲಗಿದೆ ಎಂಬಷ್ಟನ್ನು ಪುಡಿ ಹೇಳುತ್ತದೆ. ಆ ಪದರದಲ್ಲಿ ಯಾವ ದಿಕ್ಕಿಗೆ ಎಂದು ತಿಳಿಯಲು ಒಂಟಿ ಹರಳೇ ಬೇಕು.