ಚಂದಾದಾರರನ್ನು ಸೇರಿಸುವುದು, ಉಳಿಸಿಕೊಳ್ಳುವುದು: ಗಡಿನಾಡಿನ ಕಿರುಪತ್ರಿಕೆಗಳವರಿಗೆ

ಕಾಸರಗೋಡಿನಲ್ಲಿ ಕನ್ನಡ ಮಾಸಪತ್ರಿಕೆ ನಡೆಸುವವರು ಚಂದಾದಾರರ ಪುಸ್ತಕವನ್ನು ಲೇಖನಗಳಷ್ಟೇ ಎಚ್ಚರದಿಂದ ನೋಡಿಕೊಳ್ಳಬೇಕು. ಪತ್ರಿಕೆ ಬೇಡವೆಂದು ಬಿಟ್ಟವರನ್ನು ನಾನು ಕಂಡದ್ದು ಕಡಿಮೆ. ಸಂಚಿಕೆ ಕೈಸೇರದೆಯೋ ಚಂದಾ ಮುಗಿದದ್ದು ತಿಳಿಯದೆಯೋ ದೂರವಾದವರೇ ಹೆಚ್ಚು.

ಮನೆಯ ಹೆಸರು, ಗ್ರಾಮ, ಅಂಚೆ, ಪಿನ್ ಕೋಡ್, ಫೋನ್ ಸಂಖ್ಯೆ ಇಷ್ಟನ್ನೂ ಚಂದಾ ಪಡೆಯುವ ಹೊತ್ತಿಗೇ ಬರೆದುಕೊಳ್ಳಿ. ನಾವು ಕುಂಬಳೆ ಎನ್ನುವ ಊರು ಮಲಯಾಳದಲ್ಲಿ ಕುಂಬಳ. ಅಂಚೆ ವಿಂಗಡಿಸುವವರಿಗೆಲ್ಲ ಕನ್ನಡ ಲಿಪಿ ತಿಳಿದಿರಬೇಕೆಂದಿಲ್ಲವಾದ್ದರಿಂದ, ಹೆಸರನ್ನೂ ಮನೆಯನ್ನೂ ಕನ್ನಡದಲ್ಲಿ ಬರೆದರೂ ಅಂಚೆ ಕಚೇರಿಯ ಹೆಸರನ್ನು ಇಂಗ್ಲಿಷಿನಲ್ಲಿಯೂ ಕಾಣಿಸುವುದು ಲೇಸು. ಕುಂಬಳೆಯ 671321ಕ್ಕೂ ಮಂಜೇಶ್ವರದ 671323ಕ್ಕೂ ಇರುವುದು ಒಂದೇ ಅಂಕಿಯ ವ್ಯತ್ಯಾಸ. ಬರೆದದ್ದನ್ನು ಆಗಲೇ ಓದಿ ಹೇಳಿ ಸರಿಯೆನಿಸಿಕೊಳ್ಳಿ. ಯುಪಿಐ ಮೂಲಕ ಬಂದ ಹಣದಲ್ಲಿ ವಿಳಾಸವಿರುವುದಿಲ್ಲ, ಹೆಸರೂ ಎಷ್ಟೋ ಸಲ ಮಗನದ್ದೋ ಸೊಸೆಯದ್ದೋ ಆಗಿರುತ್ತದೆ. ಹಣ ಬಂದ ದಿನವೇ ಫೋನ್ ಮಾಡಿ ವಿಚಾರಿಸದಿದ್ದರೆ ಅದು ಯಾರ ಚಂದಾ ಎಂಬುದು ಮತ್ತೆ ತಿಳಿಯದು.

ವಿಳಾಸದ ಚೀಟಿಯಲ್ಲಿ ಚಂದಾ ಮುಗಿಯುವ ತಿಂಗಳನ್ನು ಪ್ರತಿ ಸಲವೂ ಮುದ್ರಿಸಿ. ಎರಡು ತಿಂಗಳು ಮೊದಲು ಸಂಚಿಕೆಯೊಳಗೊಂದು ನೆನಪಿನ ಕಾಗದವನ್ನಿಟ್ಟು, ಕೊನೆಯ ತಿಂಗಳಲ್ಲಿ ಫೋನ್ ಮಾಡಿ. ಕೃಷಿಕರ ಚಂದಾ ಅಡಿಕೆ ಮಾರುವ ಕಾಲಕ್ಕೆ ನವೀಕರಣಕ್ಕೆ ಬರುವಂತೆ ಹೊಂದಿಸಿದರೆ ಇಬ್ಬರಿಗೂ ಅನುಕೂಲ.

ಆಜೀವ ಚಂದಾದ ಬಗ್ಗೆ ಮಾತ್ರ ನನ್ನದು ಕಟುವಾದ ಅಭಿಪ್ರಾಯ. ಆರಂಭದಲ್ಲಿ ಒಟ್ಟಿಗೆ ಬಂದ ಆ ಮೊತ್ತವನ್ನು ನಾವು ಮುದ್ರಣಾಲಯದ ಬಾಕಿಗೆ ಸುರಿದೆವು. ಮುಂದೆ ಕಾಗದ, ಅಂಚೆ ಎಲ್ಲದರ ಬೆಲೆ ಏರಿದಾಗಲೂ ಆ ಪ್ರತಿಗಳನ್ನು ಕಳುಹಿಸುವ ಹೊಣೆ ಹಾಗೆಯೇ ಉಳಿಯಿತು. ಬ್ಯಾಂಕಿನಲ್ಲಿ ಠೇವಣಿಯಿಟ್ಟು ಬಡ್ಡಿಯನ್ನಷ್ಟೇ ಬಳಸುವ ಶಿಸ್ತು ಇಲ್ಲದವರು ಆಜೀವ ಚಂದಾ ಪಡೆಯಲೇಬಾರದು. ಒಂದು ಅಥವಾ ಮೂರು ವರ್ಷದ ಚಂದಾ ಸಾಕು. ಅದರಿಂದ ಓದುಗರಿಗೆ ಇನ್ನೂ ಪತ್ರಿಕೆ ಬೇಕೇ ಎಂಬುದೂ ಆಗಾಗ ತಿಳಿಯುತ್ತದೆ.

ಅಂಚೆಗೆ ಹಾಕುವ ದಿನ ತಪ್ಪಬಾರದು. 1898ರ ಅಂಚೆ ಕಾಯ್ದೆಯು ನೋಂದಾಯಿತ ಪತ್ರಿಕೆಯೆನಿಸಿಕೊಳ್ಳಲು ಸಂಚಿಕೆಗಳ ನಡುವೆ 31 ದಿನಗಳಿಗಿಂತ ಹೆಚ್ಚು ಅಂತರವಿರಬಾರದೆಂದೂ ನೈಜ ಚಂದಾದಾರರ ಪಟ್ಟಿ ಇರಬೇಕೆಂದೂ ವಿಧಿಸಿತ್ತು. ಆ ಕಾಯ್ದೆಯ ಸ್ಥಾನದಲ್ಲಿ ಈಗ 2023ರ ಕಾಯ್ದೆ ಬಂದಿದೆಯಾದರೂ ಓದುಗರ ನಿರೀಕ್ಷೆ ಬದಲಾಗಿಲ್ಲ. ಜೂನಿನ ಮಳೆಗೆ ನೆನೆದು ಹಾಳಾದ ಪ್ರತಿಗೆ ಬದಲಾಗಿ ಪ್ರಶ್ನಿಸದೆ ಇನ್ನೊಂದನ್ನು ಕಳುಹಿಸಿ.

ಹೊಸಬರಿಗಾಗಿ ಕನ್ನಡ ಶಾಲೆಗಳ ವಾರ್ಷಿಕೋತ್ಸವಕ್ಕೂ ತಾಳಮದ್ದಳೆಯ ಕೂಟಗಳಿಗೂ ಪ್ರತಿಗಳೊಂದಿಗೆ ಹೋಗಿ. ಮಗುವಿನ ಕವಿತೆ ಅಚ್ಚಾಯಿತೆಂದು ಚಂದಾ ಕೊಡುವ ಮನೆಯವರು ಮರುವರ್ಷ ನಿಲ್ಲಿಸುವುದುಂಟು. ಆ ಮನೆಯ ಹಿರಿಯರಿಗೂ ಓದಲು ಏನಾದರೂ ಇದ್ದರೆ ಮುಂದುವರಿಸುತ್ತಾರೆ. ಮಂಗಳೂರು, ಬೆಂಗಳೂರು, ಮುಂಬಯಿಗಳಲ್ಲಿರುವ ನಮ್ಮೂರಿನವರಿಗೆ ಬದಿಯಡ್ಕದ, ಪೆರ್ಲದ ಸುದ್ದಿ ಬೇಕು. ಅವರ ವಿಳಾಸ ಶಾಲೆಯ ಹಳೆ ವಿದ್ಯಾರ್ಥಿಗಳ ಬಳಿ ಸಿಗುತ್ತದೆ, ಆದರೆ ಒಪ್ಪಿಗೆ ಕೇಳದೆ ಪಟ್ಟಿಗೆ ಸೇರಿಸಬೇಡಿ.

ಚಂದಾದಾರರು ತೀರಿಕೊಂಡರೆಂದು ತಿಳಿದಾಗ ಹೆಸರನ್ನು ಕೂಡಲೇ ಹೊಡೆದುಹಾಕಬೇಡಿ. ಕೆಲವು ದಿನ ಕಳೆದ ಮೇಲೆ ಮನೆಯವರೊಂದಿಗೆ ಮಾತನಾಡಿ, ಉಳಿದ ಸಂಚಿಕೆಗಳನ್ನು ಯಾರ ಹೆಸರಿಗೆ ಕಳುಹಿಸಬೇಕೆಂದು ಕೇಳಿ, ಅವರು ಹೇಳಿದ ಹೆಸರನ್ನು ಅದೇ ಸಾಲಿನಲ್ಲಿ ಬರೆದುಕೊಳ್ಳಿ.