ಮೆಣಸಿನಕಾಯಿ ಗೋಡೌನಿನಾಗ ಆರ್ಟ್ ಗ್ಯಾಲರಿ: ನನ್ನ ಅನುಭವ

ಮಾರ್ಚ್ ತಿಂಗಳ ಒಂದು ಸೋಮವಾರ ನಮ್ಮ ಗ್ಯಾಲರಿಗೆ 214 ಮಂದಿ ಬಂದು ಹೋದ್ರು. ಬಾಗಲಕ್ಕ ಕುಂಡ್ರೋ ಹುಡುಗಿ ನೋಟ್‌ಬುಕ್ಕಿನಾಗ ಗೀಟು ಹೊಡದು ಲೆಕ್ಕ ಇಡ್ತಾಳ, ಒಂದೆರಡು ಆಕಡೆ ಈಕಡೆ ಇರಬಹುದು ಅಷ್ಟ. ಟಿಕೆಟ್ ಇಲ್ಲ, ಊಟ ಇಲ್ಲ, ಉದ್ಘಾಟನೆ ಇಲ್ಲ, ಮಂತ್ರಿಗಳಿಲ್ಲ. ಬ್ಯಾಡಗಿ ಅಂಥ ತಾಲೂಕು ಊರಾಗ, ಹೊಸ ಹುಡುಗ್ರು ಮಾಡಿದ ಇನ್‌ಸ್ಟಲೇಶನ್ನು (ಸಾಮಾನು ಜೋಡಿಸಿ ಮಾಡೋ ಕಲೆ), ಅಬ್‌ಸ್ಟ್ರಾಕ್ಟು (ಅಮೂರ್ತ ಚಿತ್ರ) ನೋಡಾಕ ಇಷ್ಟು ಮಂದಿ. ಧಾರವಾಡದ ಗೆಳೆಯಾರಿಗೆ ಫೋನ್ ಮಾಡಿ ಹೇಳಿದ್ರ ನಂಬಲಿಲ್ಲ, ಗುರುವಾರ ತಾವ ಬಂದು ಬಾಗಲದಾಗ ನಿಂತು ಎಣಿಸಿ ಹೋದ್ರು. ಅವತ್ತು 170ರ ಸುಮಾರು. ಹಂಗಾಗಿ ಈಗ ಧೈರ್ಯಲೆ ಬರೀತೀನಿ.

ನಾನು ಹೈಸ್ಕೂಲ್ ಡ್ರಾಯಿಂಗ್ ಮಾಸ್ತರ. ನಮ್ಮ ಭಾಗದಾಗ ಕಲಿಸೋ ಜಾಗಕ್ಕ ಎಂದೂ ಬರ ಇದ್ದಿಲ್ಲ. ಧಾರವಾಡದಾಗ ಹಾಲಭಾವಿಯವರು ಕಟ್ಟಿದ ಸ್ಕೂಲು, ಗದಗಿನಾಗ ಟಿ.ಪಿ. ಅಕ್ಕಿಯವರ ವಿಜಯ ಕಲಾಮಂದಿರ, ಅಲ್ಲಿ ಕಲತು ಬಂದೋರು ಊರೂರಿಗೆ ಅದಾರ. ತೋರ್ಸೋ ಜಾಗ ಮಾತ್ರ ಇಲ್ಲ. ಜನವರಿಯಾಗ ಚಿತ್ರಸಂತೆ ಅಂತ ಬೆಂಗಳೂರಿಗೆ ಗಂಟು ಕಟ್ಗೊಂಡು ಹೋಗಿ ಕುಮಾರಕೃಪಾ ರಸ್ತೆದಾಗ ಒಂದು ದಿನ ನಿಂತು ಬರೋದು, ಉಳಿದ 364 ದಿನ ಚಿತ್ರ ಎಲ್ಲಾ ಮಂಚದ ಕೆಳಗ. ಅದಕ್ಕ ನಾನು, ಫ್ರೇಮ್ ಅಂಗಡಿ ಗೆಳೆಯ, ಬ್ಯಾಂಕಿನಿಂದ ರಿಟೈರ್ ಆದ ಒಬ್ಬ ಹಿರಿಯರು ಮೂರು ಮಂದಿ ಸೇರಿ 2019ರಾಗ ಟ್ರಸ್ಟ್ ಮಾಡಿ, ಮಾರ್ಕೆಟ್ ಹಿಂದಿನ ಒಂದು ಹಳೇ ಮೆಣಸಿನಕಾಯಿ ಗೋಡೌನ್ ತಿಂಗಳಿಗೆ 7,000ಕ್ಕ ಬಾಡಿಗಿ ಹಿಡದ್ವಿ.

ಮೊದಲ ವರ್ಷ ಹೆಂಗ ಕೆಟ್ವಿ ಅನ್ನೋದು ಪೂರ್ತಿ ಹೇಳ್ತೀನಿ, ಯಾಕಂದ್ರ ಹೊಸದಾಗಿ ಮಾಡೋರು ಎಲ್ಲಾರೂ ಅಲ್ಲೇ ಕೆಡ್ತಾರ.

ಉದ್ಘಾಟನೆಗೆ 38,000 ಹೋತು. ಶಾಮಿಯಾನ, ಶಾಲು, ಹಾರ, ಮೈಕ್‌ಸೆಟ್, ಮಧ್ಯಾಹ್ನ ಊಟ. 300 ಮಂದಿ ಬಂದ್ರು, ಭಾಷಣ ಕೇಳಿದ್ರು, ಉಂಡ್ರು, ಹೋದ್ರು. ಮರುದಿನ ನಾಕು ಮಂದಿ, ಅದರಾಗ ಇಬ್ರು ನಮ್ಮ ಮನಿಯವರು. ಆಮ್ಯಾಲ ಗಾಜಿನ ಬಾಗಲ ಹಾಕ್ಸಿದ್ವಿ, 14,000. ಬೆಂಗಳೂರಾಗ ನೋಡಿ ಬಂದಿದ್ವಲ್ಲ, ಗ್ಯಾಲರಿ ಅಂದ್ರ ಹಂಗ ಇರಬೇಕು ಅಂತ. ಹೊರಗ ನಿಂತ ಮಂದಿ ಗಾಜಿನಾಗಿಂದ ಇಣಿಕಿ ನೋಡಿ, ಇದು ಯಾವುದೋ ಆಫೀಸು ಅಂತ ಹೋಗಿಬಿಡ್ತಿದ್ರು. ಎಂಟು ತಿಂಗಳಾದ ಮ್ಯಾಲ ಕಿತ್ತಿ ಅರ್ಧ ರೇಟಿಗೆ ಮಾರಿ ಹಳೇ ಶಟರ್ ಪೂರ್ತಿ ಎತ್ತಿ ಇಟ್ವಿ. ಲೈಟು ಇನ್ನೊಂದು ತಪ್ಪು, ಅಗ್ಗಕ್ಕ ಸಿಕ್ಕಾವು ಅಂತ ನೀಲಿ ಬಿಳುಪಿನ 6500 ಕೆಲ್ವಿನ್ ಟ್ರ್ಯಾಕ್‌ಲೈಟ್ ತಂದ್ವಿ, ಮಣ್ಣಿನ ಬಣ್ಣ ಎಲ್ಲಾ ಬೂದಿ ಕಂಡಂಗ ಕಾಣತಿದ್ವು. ಮತ್ತ 22,000 ಖರ್ಚು ಮಾಡಿ ಹಳದಿ ಬೆಳಕಿನ 3000 ಕೆಲ್ವಿನ್, ಸಿಆರ್‌ಐ (ಬಣ್ಣ ಖರೇ ತೋರ್ಸೋ ಅಳತಿ) 90ರ ಮ್ಯಾಲಿಂದು ಹಾಕಿದ್ವಿ. ಮೊದಲ ಹಂಗ ಮಾಡಿದ್ರ ರೊಕ್ಕ ಉಳೀತಿತ್ತು.

ಎಲ್ಲಾಕಿಂತ ಹೊಟ್ಟಿ ಉರದಿದ್ದು ಕಾಗದದ ಮ್ಯಾಲ ಬರದ ಚಿತ್ರದ್ದು. ಒಬ್ಬ ಕಲಾವಿದೆ ನಂಬಿ ಆರು ಜಲವರ್ಣ ಕೊಟ್ಟಿದ್ಲು. ಮಳಿಗಾಲ, ಮ್ಯಾಲ ತಗಡಿನ ಛಾವಣಿ, ಗೋಡಿಗೆ ಹಸಿ, ನಾವು ಫ್ರೇಮ್ ಹಿಂದ ಸಾದಾ ಹಾರ್ಡ್‌ಬೋರ್ಡ್ ಹೊಡದಿದ್ವಿ. ಆಗಸ್ಟ್‌ನಾಗ ತಗದು ನೋಡಿದ್ರ ಮೂರಕ್ಕ ಬೂಸ್ಟು. 18,000 ಕೊಟ್ಟು ಕ್ಷಮಾ ಕೇಳಿದೆ. ಆ ಹಣ ನನ್ನ ಪಗಾರದಿಂದ ಕೊಟ್ಟೆ, ಟ್ರಸ್ಟಿನಾಗ ಅಷ್ಟು ಇದ್ದಿಲ್ಲ. ಅವತ್ತಿನಿಂದ ಜೂನ್ ಟು ಸೆಪ್ಟೆಂಬರ್ ಕಾಗದದ ಚಿತ್ರ ತಗೊಳ್ಳೋದ ಇಲ್ಲ, ಆ ನಾಕು ತಿಂಗಳು ಕಲ್ಲು, ಕಬ್ಬಿಣ, ಟೆರಾಕೋಟಾ, ವಿಡಿಯೋ ಅಷ್ಟ. ಫ್ರೇಮ್ ಹಿಂದ ಆಸಿಡ್ ಫ್ರೀ ಬೋರ್ಡು, ಗೋಡಿಗೂ ಫ್ರೇಮಿಗೂ ನಡುವ ಅರ್ಧ ಇಂಚು ಕಾರ್ಕ್ ಗುಂಡಿ, ಗಾಳಿ ಆಡಬೇಕು.

ಖಾರದ ಘಾಟು ಅಂತ ಇನ್ನೊಂದು ಇತ್ತು. 30 ವರ್ಷ ಮೆಣಸಿನಕಾಯಿ ತುಂಬಿದ ಗೋಡೌನು, ಫ್ಯಾನ್ ಹಚ್ಚಿದ್ರ ಒಳಗಿದ್ದೋರೆಲ್ಲಾ ಸೀನೋದು. ಸುಣ್ಣ ಮೂರು ಕೋಟ್ ಹೊಡದ್ರೂ ಹೋಗಲಿಲ್ಲ. ಕಡೀಕ ಹೋತು, ಹೆಂಗ ಅನ್ನೋದು ಇಲ್ಲಿ ಬರಿಯಂಗಿಲ್ಲ, ಬಂದು ನೋಡಿ ಕೇಳಿದ್ರ ಹೇಳ್ತೀನಿ. ಪೇಂಟ್ ಅಂಗಡಿಯಾಗ ಸಿಗೋ ಸಾಮಾನು ಅಲ್ಲ ಅಂತಷ್ಟ ತಿಳೀರಿ.

ಕೊರೊನಾದಾಗ ಬಂದ್. ಓನರ್ ಅರ್ಧ ಬಾಡಿಗಿ ಬಿಟ್ಟ, ಅದು ದೊಡ್ಡ ಉಪಕಾರ. ಆ ಖಾಲಿ ಹೊತ್ತಿನಾಗ ನಾ ಕುಂತು ವಿಚಾರ ಮಾಡಿದ್ದು ಒಂದ, ಈ ಊರಾಗ ಕೈಯಾಗ ಹೊತ್ತು ಇಟ್ಗೊಂಡು ಸುಮ್ನ ಕುಂತೋರು ಯಾರು, ಯಾವಾಗ? ಉತ್ತರ ಕಣ್ಣ ಮುಂದ ಇತ್ತು. ಸೋಮವಾರ, ಗುರುವಾರ ಮಾರ್ಕೆಟ್. ಸೀಸನ್ನಿನಾಗ ಬಳ್ಳಾರಿ, ರಾಯಚೂರು, ಆಂಧ್ರ ಕಡೆಯಿಂದ ರೈತ್ರು ರಾತ್ರಿಯೆಲ್ಲಾ ಲಾರ್‍ಯಾಗ ಬಂದು, ಬೆಳಗ್ಗೆ ಲಾಟ್ ಹಚ್ಚಿ, ಟೆಂಡರ್ ರೇಟ್ ಬರೋತನಕ ಏನೂ ಕೆಲಸ ಇಲ್ಲದ ಕುಂತಿರ್ತಾರ. ಮೂರು ನಾಕು ತಾಸು. ಇತ್ಲಾಗ ಸುತ್ತ ಗೋಡೌನಿನಾಗ ಮೆಣಸಿನಕಾಯಿ ತುಂಬು (ತೊಟ್ಟು) ಬಿಡಸೋ ಹೆಣಮಕ್ಕಳು, ಮಧ್ಯಾಹ್ನ ಬುತ್ತಿ ಬಿಚ್ಚೋ ಹೊತ್ತಿಗೆ ನೆರಳಿಲ್ಲ, ನೀರಿಲ್ಲ, ಹೋಗಾಕ ಒಂದು ಶೌಚಾಲಯ ಇಲ್ಲ.

2022ರಾಗ ಕೈಯಾಗ ಉಳಿದ ರೊಕ್ಕ ಎಲ್ಲಾ ಸುರದು ಹೆಣಮಕ್ಕಳಿಗೆ ಒಂದು ಛಲೋ ಶೌಚಾಲಯ ಕಟ್ಟಿಸಿದ್ವಿ, 62,000ದ ಹತ್ತಿರ ಬಂತು, ಕುಡಿಯೋ ನೀರಿನ ಫಿಲ್ಟರ್ 9,000. ನಮ್ಮ ಟ್ರಸ್ಟಿನವರ ತಕರಾರು ಮಾಡಿದ್ರು, ಇದೇನ್ ಗ್ಯಾಲರಿಯೋ ಬಸ್‌ಸ್ಟ್ಯಾಂಡೋ ಅಂತ. ಊರ ಹಿರಿಯರೊಬ್ರು "ಅವರು ನೀರಿಗೆ ಬರ್ತಾರಪ್ಪ, ನಿನ್ನ ಚಿತ್ರಕ್ಕಲ್ಲ" ಅಂದ್ರು. ನೀರಿಗೇ ಬರ್ಲಿ. ನಾ ಫಿಲ್ಟರ್ ಇಟ್ಟಿದ್ದು ಹಾಲಿನ ಕಟ್ಟಕಡೀಗೆ. ಅಲ್ಲಿತನಕ ಹೋಗಿ ಬರೋದ್ರಾಗ ಹೋಗ್ತಾ ಮೂರು ಕಲಾಕೃತಿ, ಬರ್ತಾ ಮೂರು ಕಲಾಕೃತಿ ಎದುರಿಗೆ ಬರ್ತಾವು. ಯಾವ ಮೂರು ಹೋಗ್ತಾ, ಯಾವ ಮೂರು ಬರ್ತಾ, ಅದರಾಗ ಇರೋದು ಎಲ್ಲಾ ಕೈಚಳಕ. ಮೊದಲನೇ ವಾರ ನೀರು ಕುಡದು ಹೋದ್ರು, ಎರಡನೇ ವಾರ ನಿಂತ್ರು, ಮೂರನೇ ವಾರಕ್ಕ ಬುತ್ತಿ ಅಲ್ಲೇ ತಂದ್ರು.

ಹ್ಯಾಂಗಿಂಗ್ ಹೈಟು, ಅಂದ್ರ ನೆಲದಿಂದ ಚಿತ್ರದ ನಡುಮಟ್ಟದ ಎತ್ತರ, ನಾವೆಲ್ಲಾ 57 ಇಂಚು ಅಂತ ಕಲತೀವಿ. ಇಲ್ಲಿ ಮಂದಿ ನೆಲಕ್ಕ ಕುಂತು ಉಣಕೋತ ನೋಡ್ತಾರ. ನಾ 48ಕ್ಕ ಇಳಿಸಿದೆ, ಒಂದು ಗೋಡಿ ಅಂತೂ 40. ಚಪ್ಪಲಿ ಬಿಡಬ್ಯಾಡ್ರಿ ಅಂತ ಎಷ್ಟ ಹೇಳಿದ್ರೂ ಬಿಟ್ಟೇ ಬರ್ತಾರ, ನಾನೂ ಈಗ ಬಿಟ್ಟೇ ಹೋಗ್ತೀನಿ.

ಲೇಬಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ನನ್ನ ಪ್ರಕಾರ ಗ್ಯಾಲರಿ ತಿರುಗಿದ್ದು ಅಲ್ಲೇ. ಮೊದಲ ಕಲಾವಿದರ ಹೇಳಿಕಿ ಅಂತ ಅರ್ಧ ಪುಟ ಪ್ರಿಂಟ್ ಹಾಕತಿದ್ವಿ, ಅಸ್ಮಿತೆ, ಅವಕಾಶ, ಅಂತರಂಗ, ಒಬ್ರೂ ಓದಲಿಲ್ಲ. ಬಂದೋರು ಕೇಳೋದು ಎರಡ ಪ್ರಶ್ನೆ: ಎಷ್ಟಕ್ಕ ಕೊಡ್ತೀರಿ, ಎಷ್ಟು ದಿನ ಹಿಡೀತು. ಮೊದಲನೇದಕ್ಕ ನಮ್ಮಲ್ಲಿ ಉತ್ತರ ಇಲ್ಲ, ನಾವು ಮಾರಂಗಿಲ್ಲ. ಎರಡನೇದನ್ನ ಲೇಬಲ್ಲಿಗೆ ಹಾಕಿದೆ. ಹೆಸರು, ಊರು, ಏನರಲೆ ಮಾಡಿದ್ದು, ಎಷ್ಟು ದಿನ. ದಪ್ಪ ಅಕ್ಷರ, ಬರೇ ಕನ್ನಡ. ಒಬ್ಬ ಹುಡುಗಿ ಹಳೇ ಲೆಕ್ಕದ ಪುಸ್ತಕದ ಹಾಳಿ ಹರದು ನೂಲಿಲೆ ಹೊಲದು ಗೋಡಿ ತುಂಬ ತೂಗಹಾಕಿದ್ಲು, ನಮ್ಮ ಪೈಕಿ ಓದಿದೋರ "ಇದರಾಗ ಏನೈತಿ" ಅಂದಿದ್ರು. ಲೇಬಲ್ಲಿನಾಗ 91 ದಿನ ಅಂತ ಇತ್ತು. ತುಂಬು ಬಿಡಸೋ ಒಬ್ಬಾಕಿ ಅದನ್ನ ಮಗನ ಕಡೆ ಓದಿಸಿ, ಹೊಲಿಗಿ ಹತ್ರ ಹೋಗಿ ಬೆರಳಲೆ ಗಾಳ್ಯಾಗ ಎಣಿಸಿ, "ಇಕಿ ಬೆನ್ನು ಹೆಂಗ ತಡೀತು" ಅಂದ್ಲು. ನಾನು 20 ವರ್ಷ ಕಲೆ ಕಲಿಸೀನಿ, ಅಂಥ ಮಾತು ಯಾವ ವಿಮರ್ಶಕರ ಬಾಯಾಗೂ ಕೇಳಿಲ್ಲ. ಆ ಹುಡುಗಿಗೆ ಫೋನ್ ಮಾಡಿ ಹೇಳಿದೆ, ಅತ್ಲು.

ಕಸೂತಿ ಶೋ ಇನ್ನೊಂದು ಛಲೋ ಆತು. ಕಸೂತಿ ಗೋಡಿಗೆ ಬಡದ್ರ ಸತ್ತಹೋಗತೈತಿ. ಗವಂತಿ, ಮುರ್ಗಿ ಅನ್ನೋ ಹೊಲಿಗಿ ಹಾಕಿದ್ದು ಎರಡೂ ಮಗ್ಗಲ ಒಂದ ನಮೂನಿ ಕಾಣಬೇಕು, ಗಂಟು ಇರಬಾರದು, ಹೆಣಮಕ್ಕಳು ಮೊದಲ ನೋಡೋದ ಹಿಂದಿನ ಮಗ್ಗಲ. ಅದಕ್ಕ ಬಿದಿರು ಕಟ್ಟಿ ಹಾಲಿನ ನಡುವ ಇಳಿಬಿಟ್ವಿ. ಹೊಸ ಕಲಾವಿದರದ್ದು, ಮುದುಕ್ಯಾರದ್ದು ಎರಡೂ ಒಂದ ಸಾಲಿನಾಗ. ಯಾರದು ಸೊಟ್ಟ ಐತಿ ಅನ್ನೋದು ಅರ್ಧ ತಾಸಿನಾಗ ತೀರ್ಮಾನ ಆಗಿಬಿಡ್ತು.

ನಡುವ ಒಂದು ಪ್ರಯೋಗ ಮಾಡಿದೆ. ನಮ್ಮ ಮೆಣಸಿನಕಾಯಿ ಹೆಸರಾಗಿದ್ದು ಖಾರಕ್ಕಲ್ಲ, ಬಣ್ಣಕ್ಕ, 2011ರಾಗ ಜಿಐ (ಊರಿನ ಹೆಸರಿನ ಗುರುತು) ಸಿಕ್ಕೈತಿ, ಅದರ ಬಣ್ಣ ತಗದು ಲಿಪ್‌ಸ್ಟಿಕ್ಕಿಗೂ ಹಾಕ್ತಾರ. ಹಂಗಾದ್ರ ಚಿತ್ರಕ್ಕ ಯಾಕ ಆಗಬಾರದು ಅಂತ ಡಬ್ಬಿ ತಳಿ ಮೆಣಸಿನಕಾಯಿ ಪುಡಿ ಸ್ಪಿರಿಟ್‌ನಾಗ ನೆನಿಸಿ ಸೋಸಿ, ಅಂಟು ಕೂಡಿಸಿ ಹುಡುಗ್ರ ಕಡೆ ಬರಸಿದೆ. ಏನ್ ಕೆಂಪರೀ ಅದು! ಒಂದು ಹಾಳಿ ಕಿಟಕಿಗೆ ಅಂಟಿಸಿದೆ, ಇನ್ನೊಂದು ಪರಿಚಯದವರ ಕೋಲ್ಡ್ ಸ್ಟೋರೇಜ್‌ನಾಗ ಚೀಲದ ನಡುವ ಇಟ್ಟೆ. ಕಿಟಕಿದು ತಿಂಗಳೊಪ್ಪತ್ತಿನಾಗ ಮಾಸಿ ಹುಲ್ಲಿನ ಬಣ್ಣಕ್ಕ ಬಂತು, ಸ್ಟೋರೇಜ್‌ದು ವರ್ಷ ಆದ್ರೂ ಹಂಗ ಐತಿ. ಎರಡನ್ನೂ ಜೋಡಿಸಿ ತೂಗಹಾಕಿದೆ. ದಲಾಲ್ರಿಗೆ ಬ್ಯಾರೆ ವಿವರಣೆ ಬೇಕಾಗಲಿಲ್ಲ, ಬೆಳಕಿಗೆ ಬಣ್ಣ ಹೋಗತೈತಿ ಅನ್ನೋದು ಅವರಿಗೆ ನನಗಿಂತ ಗೊತ್ತು. ಅವತ್ತಿನಿಂದ ಅವರು ಬರಾಕ ಹತ್ತಿದ್ರು, ಅವರು ಬಂದ ಮ್ಯಾಲ ರೊಕ್ಕ ಬಂತು.

ರೊಕ್ಕದ್ದು ಹೇಳ್ತೀನಿ. ಬಾಡಿಗಿ 7,000, ಹುಡುಗಿ ಪಗಾರ 6,000, ಕರೆಂಟು 2,000ದ ಸುಮಾರು, ಸಾಗಾಟ, ಫ್ರೇಮು, ಆಡಿಟರ್ ಎಲ್ಲಾ ಕೂಡಿ ತಿಂಗಳಿಗೆ 22,000. ಅನುದಾನಕ್ಕ ಅಂತ ಒಂದು ಕಚೇರಿಗೆ ಎರಡು ಸಲ ಅರ್ಜಿ ಹಾಕಿದೆ, ಎರಡೂ ಸಲ ಫೈಲ್ ವಾಪಸ್, ಆ ದಾರಿ ಬಿಟ್ಟೆ. ಕಂಪನಿಗಳ ಸಮಾಜಸೇವಾ (ಸಿಎಸ್‌ಆರ್) ರೊಕ್ಕ ತಗೊಳ್ಳಾಕ ಬೇಕಾದ ಸಿಎಸ್‌ಆರ್-1 ನೋಂದಣಿ ಮಾಡಿಸಿಟ್ಟೀನಿ, ಇನ್ನೂ ಯಾರೂ ಕೊಟ್ಟಿಲ್ಲ. ನಡೀತಿರೋದು ದಿನದ ಲೆಕ್ಕದ ಮ್ಯಾಲ: 750 ಕೊಟ್ರ ಒಂದು ದಿನದ ಗ್ಯಾಲರಿ ಖರ್ಚು ನಿಮ್ಮದು, ಅವತ್ತು ಬಾಗಲದ ಹಲಗಿ ಮ್ಯಾಲ ನಿಮ್ಮ ಅವ್ವ ಅಪ್ಪನ ಹೆಸರು ಸೀಮೆಸುಣ್ಣದಾಗ. ಕಳದ ವರ್ಷ 290ರ ಹತ್ರ ದಿನ ಹೋದ್ವು, ಕಡಿಮಿ ಬಿದ್ದದ್ದು ನಾವು ಮೂರು ಮಂದಿ ಹಾಕಿದ್ವಿ. ವ್ಯಾಪಾರಸ್ತರನ್ನ ಯಾವ ಹೊತ್ತಿಗೆ ಕೇಳಬೇಕು ಅನ್ನೋದು ಐತಲ್ಲ, ಅದು ನನ್ನ ಹತ್ರ ಇರ್ಲಿ. ನಗದು ಮಾತ್ರ ಹುಷಾರ್, 2,000ದ ಮ್ಯಾಲ ನಗದು ತಗೊಂಡ್ರ ಕೊಟ್ಟೋರಿಗೆ ದಾನದ ಆದಾಯ ತೆರಿಗಿ ವಿನಾಯ್ತಿ ಸಿಗಂಗಿಲ್ಲ. ಒಬ್ರು 10,000 ನೋಟು ಕೊಟ್ಟಿದ್ರು, ಆಡಿಟರ್ ಹೇಳಿದ ಮ್ಯಾಲ ಅವರ ಮನಿಗೆ ಹೋಗಿ ವಾಪಸ್ ಕೊಟ್ಟು ಯುಪಿಐ ಮಾಡಿಸಿಗೊಂಡೆ.

ಇನ್ನೂ ಆಗದ ಕೆಲಸ ಅಂದ್ರ ಏಪ್ರಿಲ್ ಬ್ಯಾಸಗಿ. ತಗಡಿನ ಕೆಳಗ ಎರಡು ಗಂಟೆಗೆ ಕುಂಡ್ರಾಕ ಆಗಂಗಿಲ್ಲ, ತಗಡಿನ ಮ್ಯಾಲ ಬಿಳಿ ಬಣ್ಣ ಹೊಡಸಿದ್ವಿ, ಸ್ವಲ್ಪ ತಂಪಾಗೈತಿ, ಸಾಲದು. ಈ ಸಲ ಮಳಿ ಹತ್ತೋದರೊಳಗ ಒಳಗ ಬಿದಿರಿನ ತಟ್ಟಿ ಕಟ್ಟಬೇಕು ಅಂತ ಮೇದಾರ ಓಣಿಯಾಗ ಮಾತಾಡಿ ಬಂದೀನಿ, 16,000 ಅಂದಾರ. ಅವರಿಗೆ ಎಷ್ಟು ದಿನ ಹಿಡೀತೈತಿ ಅಂತ ಕೇಳೀನಿ, ಕೆಲಸ ಮುಗದ ಮ್ಯಾಲ ತಟ್ಟಿ ಕೆಳಗೂ ಒಂದು ಲೇಬಲ್ ಹಚ್ಚಬೇಕು.