ಕೊನೆಗೆ ಮಾತಾಡೋದನ್ನು ಕಲಿತದ್ದು

"ಸರ್, ಬ್ಯಾಕಪ್ಪನ್ನ ಒಂದ್ಸಲ ರಿಸ್ಟೋರ್ ಮಾಡಿ ನೋಡೋಣವಾ?"

ನಾನು ನಡೆಸುವ ಸಾಫ್ಟ್‌ವೇರ್ ತಂಡಕ್ಕೆ ಸೇರಿ ಮೂರು ತಿಂಗಳಾಗಿದ್ದ ಹುಡುಗಿ ಕೇಳಿದಳು. ತೆಗೆದಿಟ್ಟ ನಕಲಿನಿಂದ ಡೇಟಾ ನಿಜಕ್ಕೂ ವಾಪಸ್ ಬರುತ್ತಾ ಅಂತ ನೋಡೋಣವಾ ಅನ್ನೋದು ಅವಳ ಪ್ರಶ್ನೆ. ಡೇಟಾಬೇಸನ್ನು ಹೊಸ ಸರ್ವರ್‌ಗೆ ಸಾಗಿಸುವ ಹಿಂದಿನ ಸಂಜೆ ಅದು. ನಾನು ಕಣ್ಣೆತ್ತದೆ "ಅದೆಲ್ಲ ಆಗಿದೆ" ಅಂದೆ. ನಿಜಕ್ಕೂ ಆಗಿದ್ದು ಇಷ್ಟೇ: ಪ್ರತಿ ರಾತ್ರಿ ಬ್ಯಾಕಪ್ ಮುಗಿಯಿತು ಅಂತ ಹಸಿರು ಗುರುತು ಬರುತ್ತಿತ್ತು. ಒಳಗೇನಿದೆ ಅಂತ ತೆರೆದು ನೋಡಿದವರು ಯಾರೂ ಇರಲಿಲ್ಲ.

ಮರುದಿನ ಸಾಗಣೆ ಅರ್ಧದಲ್ಲೇ ಕೆಟ್ಟಿತು. ಬ್ಯಾಕಪ್ ತೆರೆದರೆ ಡೇಟಾಬೇಸಿನ ಎರಡು ಟೇಬಲ್, ಅಂದರೆ ಮಾಹಿತಿಯ ಎರಡು ಪಟ್ಟಿ, ಇರಲೇ ಇಲ್ಲ. ನಡೆದದ್ದನ್ನೆಲ್ಲ ಸರ್ವರ್ ದಾಖಲಿಸಿಟ್ಟ ಲಾಗ್‌ಗಳನ್ನು ಕೆದಕಿ ಅವನ್ನು ಮತ್ತೆ ಕಟ್ಟಲು ಎಂಟು ಜನ ಎರಡು ರಾತ್ರಿ ಕೂತೆವು. ಆ ಹುಡುಗಿಯೂ ಇದ್ದಳು. "ನಾನು ಹೇಳಿದ್ದೆ" ಅಂತ ಅವಳು ಅನ್ನಲಿಲ್ಲ. ಅಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅವಳು ಎರಡನೇ ಸಲ ಯಾಕೆ ಕೇಳಲಿಲ್ಲ? ನನ್ನನ್ನು ಕಾಡಿದ್ದು ಇದೇ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ರನ್‌ವೇ ಮೇಲೆ ಎರಡು ಬೋಯಿಂಗ್ 747 ಡಿಕ್ಕಿಯಾಗಿ 583 ಜನ ಸತ್ತರು. ದಟ್ಟ ಮಂಜು. ಮೇಲೇರಲು ಓಡುತ್ತಿದ್ದ ವಿಮಾನದ ಫ್ಲೈಟ್ ಇಂಜಿನಿಯರ್, ಇನ್ನೊಂದು ವಿಮಾನ ದಾರಿ ಬಿಟ್ಟಿಲ್ಲವಾ ಅಂತ ಕೇಳಿದ್ದರು. ಬಿಟ್ಟಿದೆ ಅಂದರು ಕ್ಯಾಪ್ಟನ್. ಅವರು ಇತರ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಹಿರಿಯರು. ಮತ್ತೆ ಯಾರೂ ಕೇಳಲಿಲ್ಲ. ಇಂಥ ಅಪಘಾತಗಳಾದ ಮೇಲೇ ವಿಮಾನ ಕಂಪನಿಗಳು ಕಿರಿಯರಿಗೆ ಒತ್ತಿ ಹೇಳುವುದನ್ನೂ, ಹಿರಿಯರಿಗೆ ಕೇಳಿಸಿಕೊಳ್ಳುವುದನ್ನೂ ಕಲಿಸಲು ಹೊರಟಿದ್ದು. ನಮ್ಮ ಕೆಲಸದಲ್ಲಿ ಯಾರೂ ಸಾಯುವುದಿಲ್ಲ, ನಿಜ. ಆದರೆ ಆ ಕ್ಯಾಪ್ಟನ್ ದನಿ ನನಗೆ ಚೆನ್ನಾಗಿ ಗೊತ್ತು.

ಮೊದಲು ಘಟನೆಯ ವರದಿ ಬರೆದೆ. "ಪರಿಶೀಲನೆಯಲ್ಲಿ ಲೋಪವಾಗಿದೆ" ಅಂತ ಬರೆಯುವುದು ರೂಢಿ. ಆ ವಾಕ್ಯದಲ್ಲಿ ತಪ್ಪು ಮಾಡಿದವರೇ ಇರುವುದಿಲ್ಲ ನೋಡಿ! ಅದನ್ನು ಅಳಿಸಿ, "ಪರೀಕ್ಷಿಸೋಣವಾ ಎಂದು ತಂಡದಲ್ಲಿ ಕೇಳಿದರು, ಆಗದಿದ್ದರೂ ಆಗಿದೆ ಎಂದು ನಾನು ಹೇಳಿದೆ" ಅಂತ ಬರೆದೆ. ಕಳಿಸುವ ಮುಂಚೆ ಅರ್ಧ ಗಂಟೆ ಸುಮ್ನೆ ಕೂತಿದ್ದೆ.

ಆಮೇಲೆ ಮೀಟಿಂಗ್‌ನಲ್ಲಿ ಹೊಸಬರು ಮೊದಲು, ನಾನು ಕೊನೆಗೆ ಅಂತ ಮಾಡಿದೆ. ಮೊದಮೊದಲು ಬರೀ ಮೌನ. ಒಬ್ಬರು ಬಾಯಿ ಬಿಟ್ಟರೂ ನನ್ನ ಮುಖ ನೋಡಿಕೊಂಡೇ ಮಾತು ತಿದ್ದಿಕೊಳ್ಳುತ್ತಿದ್ದರು. ನನಗೇ ಗೊತ್ತಿಲ್ಲದೆ ತಲೆ ಆಡಿಸುತ್ತಿದ್ದೆ, ಹುಬ್ಬು ಗಂಟಿಕ್ಕುತ್ತಿದ್ದೆ. ಅದಕ್ಕೇ ತಲೆ ಬಗ್ಗಿಸಿ ನೋಟ್ಸ್ ಬರೆದುಕೊಳ್ಳತೊಡಗಿದೆ. ಪ್ರಶ್ನೆಯನ್ನೂ ಬದಲಿಸಿದೆ. "ಡೌಟ್ ಇದೆಯಾ?" ಅಂದರೆ "ಇಲ್ಲ ಸರ್" ಅನ್ನೋದೇ ಉತ್ತರ. "ನಾಳೆ ಇದು ಕೆಟ್ಟರೆ ಎಲ್ಲಿ ಕೆಡುತ್ತೆ?" ಅಂದಾಗ ಎಲ್ಲರ ಹತ್ತಿರವೂ ಏನೋ ಒಂದಿರುತ್ತಿತ್ತು.

ಇದನ್ನು ಅತಿ ಮಾಡಿಯೂ ಕೆಟ್ಟೆ. ಎರಡು ವಿನ್ಯಾಸಗಳಲ್ಲಿ ಯಾವುದು ಅಂತ ಮೂರು ಮೀಟಿಂಗ್ ಆದರೂ ನಾನು "ನೀವೇ ಹೇಳಿ" ಅನ್ನುತ್ತಲೇ ಇದ್ದೆ. ಕೊನೆಗೆ ಹಿರಿಯ ಸಹೋದ್ಯೋಗಿಯೊಬ್ಬರು ಬಾಗಿಲು ಹಾಕಿಕೊಂಡು ಬಂದು, "ನೀವು ಹೇಳದಿದ್ರೆ ಇನ್ಯಾರು ಹೇಳ್ಬೇಕು?" ಅಂದರು. ಚುರುಕ್ಕೆಂದಿತು. ನಾನು ವಿನಯ ಅಂದುಕೊಂಡಿದ್ದರಲ್ಲಿ ಅರ್ಧ, ತಪ್ಪಾದರೆ ನನ್ನ ತಲೆಗೆ ಬರಬಾರದು ಅನ್ನೋ ಜಾಣತನ. ಈಗ ಎಲ್ಲರ ಮಾತು ಕೇಳಿ, ನಾನೇ ತೀರ್ಮಾನ ಹೇಳಿ, ಕಾರಣವನ್ನೂ ಬರೆದಿಡುತ್ತೇನೆ.

ಮೊನ್ನೆ ಬೋರ್ಡ್ ಮೇಲೆ ಏನೋ ವಿವರಿಸುತ್ತಿದ್ದೆ. ಹೊಸ ಹುಡುಗನೊಬ್ಬ ಎದ್ದು, "ಸರ್, ಅದು ಹಾಗಲ್ಲ" ಅಂದ. ಕಿವಿ ಬಿಸಿಯಾಯಿತು. ಅದು ಇನ್ನೂ ಹೋಗಿಲ್ಲ ನನಗೆ. ಪೆನ್ನು ಅವನ ಕೈಗೆ ಕೊಟ್ಟು ಕೂತೆ. ಇಪ್ಪತ್ತು ನಿಮಿಷ ಲೆಕ್ಕ ಹಾಕಿದ ಮೇಲೆ ಅವನದೇ ತಪ್ಪು ಅಂತ ಗೊತ್ತಾಯಿತು. ನಕ್ಕು ಕೂತ.

ಮರುದಿನ ಬೆಳಿಗ್ಗೆ ಮತ್ತೆ ಬಂದ. "ಸರ್, ಇನ್ನೊಂದು ಡೌಟು."